ಮೇಜಿನ ಮೇಲೆ ಒಂದೂಮುಕ್ಕಾಲು ಎಕರೆ

(ಬೊಂಬೆ ಸೈನ್ಯದ ಯುದ್ಧದಾಟಗಳಿಗೆ ನೆಲ ಕಟ್ಟುವ ಬಗ್ಗೆ ಮಡಿಕೇರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಈ ಮೇಜನ್ನು ನೋಡಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಮಿನಿಯೇಚರ್ ವಾರ್‌ಗೇಮ್ ಆಡುವವರಿಗೆ ಇದು ತುಂಬ ಪರಿಚಯದ ಅಳತೆ. ಇದರ ಮೇಲೆ ನಿಂತಿರುವ ಬೊಂಬೆಗಳು ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್ ಎತ್ತರ ಇವೆ. ಅಂದರೆ ಹೆಚ್ಚುಕಡಿಮೆ 56ಕ್ಕೆ ಒಂದು. ಹೊರಗಿನ 56 ಅಡಿ ಇಲ್ಲಿ ಒಂದು ಅಡಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಆರು ಅಡಿಯನ್ನು 56ರಿಂದ ಗುಣಿಸಿದರೆ 336 ಅಡಿ. ನಾಲ್ಕನ್ನು ಗುಣಿಸಿದರೆ 224 ಅಡಿ. ಎರಡನ್ನೂ ಗುಣಿಸಿದರೆ ಸುಮಾರು 75,000 ಚದರ ಅಡಿ. ಎಕರೆಗೆ 43,560 ಚದರ ಅಡಿ ಅಲ್ವಾ? ಹಾಗಾದರೆ ಈ ಇಡೀ ಮೇಜು ಒಂದೂಮುಕ್ಕಾಲು ಎಕರೆ. ಅಷ್ಟೇ.

ಇಲ್ಲಿ ಕೂತಿರುವ ಹೆಚ್ಚಿನವರು ತೋಟ, ಗದ್ದೆ ನೋಡಿಕೊಂಡೇ ಬೆಳೆದವರು. ಒಂದೂಮುಕ್ಕಾಲು ಎಕರೆ ಅಂದರೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕೇಳುತ್ತದೆ. ಅಂಥ ಜಾಗದಲ್ಲಿ ನಾವು ಏನೇನು ತುರುಕುತ್ತೇವೆ? ಒಂದು ಕೋಟೆ, ಒಂದು ಜ್ವಾಲಾಮುಖಿ, ಮೂರು ಬೆಟ್ಟ, ಒಂದು ನದಿ, ಮೂಲೆಯಲ್ಲಿ ಮಾಟಗಾರನ ಗೋಪುರ. ನನ್ನ ಮೊದಲ ಮೇಜು ಹಾಗೇ ಇತ್ತು. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಅದನ್ನು 56ರಿಂದ ಭಾಗಿಸಿದರೂ 31 ಮೀಟರ್ ಬರುತ್ತದೆ. ಈ ಕಟ್ಟಡಕ್ಕಿಂತ ಎತ್ತರ. ಆದ್ದರಿಂದ ಮೇಜಿನ ಮೇಲೆ ಬೆಟ್ಟ ಕಟ್ಟಲು ಆಗುವುದೇ ಇಲ್ಲ. ಬೆಟ್ಟದ ಒಂದು ಮಗ್ಗುಲು, ಒಂದು ಬರೆ ಅಂದರೆ ಕಡಿದಾದ ಮಣ್ಣಿನ ಗೋಡೆ, ಒಂದು ತಿರುವು ಕಟ್ಟಬಹುದು. ಇದನ್ನು ಒಪ್ಪಿಕೊಂಡ ದಿನದಿಂದ ನನ್ನ ಕೆಲಸ ಸುಧಾರಿಸಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಆಟಗಾರರು, ಎರಡು ಬೊಂಬೆ ಸೈನ್ಯ. ಚದುರಂಗದಂತೆ ಇಲ್ಲಿ ಮನೆಗಳಿಲ್ಲ. ಟೇಪು ಹಿಡಿದು ಇಂಚಿನಲ್ಲಿ ಅಳೆದು ನಡೆಸಬೇಕು. ಕಾಲಾಳು ಸಾಮಾನ್ಯವಾಗಿ ಒಂದು ಸರದಿಗೆ ನಾಲ್ಕರಿಂದ ಆರು ಇಂಚು ನಡೆಯುತ್ತಾನೆ. ಬಾಣ ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಫ್ಯಾಂಟಸಿ ಅಂದಮೇಲೆ ಓರ್ಕ್, ಎಲ್ಫ್, ಡ್ರ್ಯಾಗನ್‌ನಂಥ ಕಥೆಯ ಜೀವಿಗಳೆಲ್ಲ ಬರುತ್ತವೆ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ವಾರ್‌ಹ್ಯಾಮರ್ ತಂದ ಮೇಲೆ ಈ ಬಗೆಯ ಆಟ ತುಂಬ ಹರಡಿತು. ಆದರೆ ಬೇರು ಹಳೆಯದು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಅಚ್ಚು ಹಾಕಿಸಿದರು. ಅವರ ಆಟದಲ್ಲಿ ಮಕ್ಕಳ ಮರದ ಇಟ್ಟಿಗೆಗಳೇ ಮನೆ, ತೋಟದ ಕಡ್ಡಿಗಳೇ ಮರ. ಅದಕ್ಕೂ ನೂರು ವರ್ಷ ಹಿಂದೆ, 1812ರಲ್ಲಿ, ಜರ್ಮನ್ ರಾಜ್ಯವಾಗಿದ್ದ ಪ್ರಷ್ಯಾದ ರೈಸ್ವಿಟ್ಜ್ ಎಂಬಾತ ತನ್ನ ದೊರೆಗೆ ಒಂದು ಯುದ್ಧದಾಟದ ಮೇಜು ಮಾಡಿಕೊಟ್ಟ. ಅದರ ನೆಲ ಬಿಡಿಬಿಡಿ ತುಂಡುಗಳಲ್ಲಿತ್ತು. ಪ್ರತಿ ತುಂಡಿನ ಮೇಲೂ ಗುಡ್ಡ, ಹೊಳೆ, ದಾರಿ ಉಬ್ಬಿಸಿ ಬಣ್ಣ ಹಚ್ಚಿದ್ದ. ತುಂಡುಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಿತ್ತು. ನಾವು ಇವತ್ತು ಮಾಡ್ಯುಲರ್ ಬೋರ್ಡ್ ಅಂತ ಹೇಳುವುದು ಅದನ್ನೇ. ನನಗೆ ಈ ಸಂಗತಿ ತುಂಬ ಇಷ್ಟ. ಈ ಆಟ ಹುಟ್ಟಿದಾಗಲೇ ನೆಲ ಕಟ್ಟುವ ಕೆಲಸವೂ ಹುಟ್ಟಿದೆ.

ಸರಿ, ನನ್ನ ಮೊದಲ ಮೇಜಿಗೆ ಬರುತ್ತೇನೆ. ಎರಡು ತಿಂಗಳು ಕೂತು ಮಾಡಿದ್ದೆ. ಒಂದು ಮೂಲೆಯಲ್ಲಿ ಗದ್ದೆಗಳನ್ನೂ ಮಾಡಿದ್ದೆ, ನಾಲ್ಕು ಮಡಿ, ಮೆಟ್ಟಿಲಿನಂತೆ. ನನ್ನ ಸೋದರತ್ತೆ ಮನೆಗೆ ಬಂದಿದ್ದರು. ಈಗಲೂ ಗದ್ದೆ ಮಾಡಿಸುವವರು ಅವರು. ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ಕೋಟೆ ನೋಡಲಿಲ್ಲ, ಡ್ರ್ಯಾಗನ್ ನೋಡಲಿಲ್ಲ. ಗದ್ದೆಯ ಮೇಲೆ ಬೆರಳಿಟ್ಟು ಕೇಳಿದರು: "ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ ಹೇಗೆ ಇಳಿಯುತ್ತೆ ಮಗ? ತೂಬು ಬಿಟ್ಟೇ ಇಲ್ಲವಲ್ಲ. ಒಂದೇ ಮಳೆಗೆ ಬದು ಒಡೆದು ಹೋಗುತ್ತೆ."

ನಾನು ಸುಮ್ಮನೆ ನಿಂತೆ. ಆಮೇಲೆ ಇಡೀ ಮೇಜನ್ನು ಅದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಹೊಳೆ ಒಂದು ಅಂಚಿನಿಂದ ಶುರುವಾಗಿ ಗುಡ್ಡದ ಬುಡಕ್ಕೆ ಬಂದು ನಿಂತುಬಿಟ್ಟಿತ್ತು. ಅದು ಎಲ್ಲಿಗೆ ಹೋಗಬೇಕು? ಕೋಟೆಯೊಳಗೆ ಬಾವಿ ಇರಲಿಲ್ಲ. ಅಲ್ಲಿರುವವರು ಏನು ಕುಡಿಯುತ್ತಾರೆ? ದಾರಿ ಸೀದಾ ಗುಡ್ಡದ ಕಡಿದಾದ ಕಡೆಯಿಂದ ಹತ್ತುತ್ತಿತ್ತು. ಯಾವ ಎತ್ತಿನ ಗಾಡಿ ಅಲ್ಲಿ ಹತ್ತುತ್ತದೆ? ಒಂದೊಂದು ತುಣುಕೂ ನೋಡಲು ಚೆನ್ನಾಗಿತ್ತು. ಆದರೆ ಅದು ಊರೂ ಅಲ್ಲ, ಕಾಡೂ ಅಲ್ಲ. ಅಂಗಡಿಯ ಕಪಾಟಿನಂತೆ ಸಾಮಾನು ಜೋಡಿಸಿಟ್ಟ ಜಾಗ.

ಅವತ್ತಿನಿಂದ ನನ್ನದು ಒಂದೇ ಕ್ರಮ. ಖಾಲಿ ಹಾಳೆಯ ಮೇಲೆ ಮೊದಲು ನೀರಿನ ದಾರಿ ಎಳೆಯುತ್ತೇನೆ. ಮಳೆ ಯಾವ ದಿಕ್ಕಿನಿಂದ ಬರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ. ಆಮೇಲೆ ಜನ ಎಲ್ಲಿ ಮನೆ ಕಟ್ಟುತ್ತಾರೆ, ದಾರಿ ಎಲ್ಲಿ ಬೀಳುತ್ತದೆ ಅಂತ ಯೋಚಿಸುತ್ತೇನೆ. ಯುದ್ಧ ಎಲ್ಲಿ ನಡೆಯುತ್ತದೆ ಅನ್ನುವುದು ಕೊನೆಗೆ. ಥೀಮ್ ಅಂದರೆ ಒಂದೇ ಬಣ್ಣ, ಒಂದೇ ಬಗೆಯ ತಲೆಬುರುಡೆ ಅಲಂಕಾರ ಅಂತ ತುಂಬ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ, ಮೇಜಿನ ಮೇಲಿನ ಪ್ರತಿಯೊಂದಕ್ಕೂ ಅಲ್ಲೇ ಇರಲು ಕಾರಣ ಇದ್ದರೆ ಅದು ಥೀಮ್. ಫ್ಯಾಂಟಸಿ ಜಗತ್ತಿಗೆ ಇದು ಇನ್ನೂ ಜಾಸ್ತಿ ಬೇಕು. ಡ್ರ್ಯಾಗನ್ ಇದೆ ಅಂತ ನೋಡುವವರು ನಂಬಬೇಕಾದರೆ, ಅದು ಹಾರಿ ಬರುವ ಗದ್ದೆಯಲ್ಲಿ ತೂಬು ಇರಲೇಬೇಕು.

ಕೊಡಗಿನವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ನಮ್ಮ ಹಳ್ಳಿಗಳ ನೆಲ ಮೊದಲೇ ಜೋಡಿಸಿಟ್ಟ ಹಾಗಿದೆ. ತಗ್ಗಿನಲ್ಲಿ ತೋಡು ಅಂದರೆ ಸಣ್ಣ ಹೊಳೆ, ಅದರ ಎರಡೂ ಬದಿ ಗದ್ದೆ. ಗದ್ದೆ ಮುಗಿದು ಏರು ಶುರುವಾಗುವ ಕಡೆ ಕುಟುಂಬದ ಮೂಲಮನೆ, ಅಂದರೆ ಐನ್‌ಮನೆ. ಅಲ್ಲಿಗೆ ಹೋಗಲು ಎರಡೂ ಕಡೆ ಮಣ್ಣಿನ ಬರೆ ಇರುವ, ತಿರುಗಿ ತಿರುಗಿ ಹೋಗುವ ಓಣಿ. ಮನೆಯಿಂದ ಮೇಲಕ್ಕೆ ಬಾಣೆ ಅಂದರೆ ಗದ್ದೆಗೆ ಸೇರಿದ ಏರಿನ ಜಾಗ, ಆಮೇಲೆ ತೋಟ. ಎಲ್ಲೋ ಒಂದು ಕಡೆ ದೇವರಕಾಡು. ಇದನ್ನು ಯಾರೂ ಆಟಕ್ಕಾಗಿ ಮಾಡಿದ್ದಲ್ಲ. ಆದರೂ ಆಟಗಾರನ ಕಣ್ಣಿನಿಂದ ನೋಡಿ. ಗದ್ದೆ ಬಯಲು, ಅಲ್ಲಿ ಮರೆ ಇಲ್ಲ. ತೋಟದಲ್ಲಿ ಅರ್ಧ ಮರೆ. ಕಾಡಿನಲ್ಲಿ ಪೂರ್ತಿ ಮರೆ, ಆದರೆ ನಡೆ ನಿಧಾನ. ಓಣಿಯಲ್ಲಿ ಸೈನ್ಯ ಸಾಲಾಗಿಯೇ ಹೋಗಬೇಕು, ಎದುರಿನಿಂದ ಹತ್ತು ಜನ ತಡೆದರೆ ನೂರು ಜನ ನಿಲ್ಲುತ್ತಾರೆ. ಪ್ರತಿ ಸರದಿಯಲ್ಲೂ ಆಟಗಾರ ಒಂದು ಆಯ್ಕೆ ಮಾಡಲೇಬೇಕು. ಒಳ್ಳೆಯ ಮೇಜಿಗೆ ಬೇಕಾದದ್ದು ಅದೇ.

ಗದ್ದೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹವ್ಯಾಸದಲ್ಲಿ ಒಂದು ಹಳೆಯ ಜಗಳ ಇದೆ. ಗುಡ್ಡ ಇಳಿಜಾರಾಗಿ ಮಾಡಬೇಕೋ, ಮೆಟ್ಟಿಲಾಗಿ ಮಾಡಬೇಕೋ? ಇಳಿಜಾರು ನೋಡಲು ಸಹಜ. ಆದರೆ ಬೊಂಬೆ ನಿಲ್ಲುವುದಿಲ್ಲ, ಅದರಲ್ಲೂ ಲೋಹದ ಬೊಂಬೆ ಜಾರಿ ಬಿದ್ದು ಕತ್ತಿ ಮುರಿದುಕೊಳ್ಳುತ್ತದೆ. ಮೆಟ್ಟಿಲಿನ ಮೇಲೆ ಬೊಂಬೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದು ಕೇಕಿನ ಹಾಗೆ ಕಾಣುತ್ತದೆ. ಅತ್ತೆ ಬೆರಳಿಟ್ಟ ಆ ನಾಲ್ಕು ಮಡಿ ಗದ್ದೆ ಈ ಜಗಳವನ್ನು ಮುಗಿಸುತ್ತದೆ. ಅದು ಮೆಟ್ಟಿಲೂ ಹೌದು, ಸಹಜವೂ ಹೌದು. ಒಂದೊಂದು ಮಡಿಗೆ ಅರ್ಧ ಇಂಚು ಎತ್ತರ ಕೊಟ್ಟೆ. ಅಂದರೆ ನಿಜದಲ್ಲಿ 28 ಇಂಚು, ಸೊಂಟಕ್ಕಿಂತ ಕೆಳಗೆ. ಬೊಂಬೆ ಹತ್ತುವುದನ್ನು ನಂಬಬಹುದು. ಮಡಿಯ ಅಗಲ ಕಡಿಮೆ ಅಂದರೂ ಮೂರು ಇಂಚು ಇರಲಿ, ಕುದುರೆಯ ಬೊಂಬೆಯೂ ನಿಲ್ಲಬೇಕಲ್ಲ. ಬದುಗಳು ನೇರ ಗೆರೆಯಲ್ಲಿ ಬೇಡ, ಗುಡ್ಡದ ಮೈಯನ್ನು ಅನುಸರಿಸಿ ಬಳುಕಲಿ.

ಇದನ್ನು ಎತ್ತಿ ತೋರಿಸುತ್ತೇನೆ, ಹಿಂದೆ ಕೂತವರಿಗೂ ಕಾಣಲಿ. ಮಡಿಯ ಒಳಗಿನ ಈ ತುಂಡು ಬಿಡಿಯಾಗಿದೆ. ಒಂದು ಮುಖದಲ್ಲಿ ನಾಟಿ ಮಾಡಿದ ಹಸಿರು ಗದ್ದೆ, ನೀರು ಮಿನುಗುತ್ತದೆ. ತಿರುಗಿಸಿದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕೊಯ್ಲು ಆದ ಗದ್ದೆ, ಬರೀ ಕೂಳೆ. ಒಂದೇ ಮೇಜಿಗೆ ಎರಡು ಕಾಲ. ಆಷಾಢದಲ್ಲಿ ಆಡಿದರೆ ಗದ್ದೆ ಕೆಸರು, ನಾಲ್ಕು ಇಂಚು ನಡೆಯುವವನು ಎರಡೇ ಇಂಚು ನಡೆಯುತ್ತಾನೆ. ಜನವರಿಯಲ್ಲಿ ಆಡಿದರೆ ಅದೇ ಗದ್ದೆ ಕುದುರೆ ಸವಾರರಿಗೆ ಮೈದಾನ. ಯುದ್ಧದ ಯೋಜನೆ ಪೂರ್ತಿ ಬದಲಾಗುತ್ತದೆ. ಕೂಳೆಗೆ ಏನು ಬಳಸಿದ್ದೇನೆ ಅಂತ ಕೇಳುತ್ತೀರಿ. ತೆಂಗಿನ ನಾರನ್ನು ಸಣ್ಣ ಕಟ್ಟು ಮಾಡಿ ಅರ್ಧ ಸೆಂಟಿಮೀಟರಿಗೆ ಕತ್ತರಿಸಿ, ಬುಡಕ್ಕೆ ಫೆವಿಕಾಲ್ ಮುಟ್ಟಿಸಿ ನಿಲ್ಲಿಸಿದ್ದೇನೆ. ಒಂದು ಮಡಿಗೆ ಒಂದು ಸಂಜೆ ಬೇಕು.

ಸಮತೋಲದ ಬಗ್ಗೆಯೂ ಹೇಳಬೇಕು. ಇಬ್ಬರಿಗೂ ನ್ಯಾಯ ಇರಬೇಕು ಅಂತ ಕೆಲವರು ಮೇಜನ್ನು ಕನ್ನಡಿಯಂತೆ ಮಾಡುತ್ತಾರೆ, ಈ ಕಡೆ ಒಂದು ಗುಡ್ಡ, ಆ ಕಡೆ ಅಂಥದೇ ಗುಡ್ಡ. ಯಾವ ಹೊಳೆಯ ಎರಡು ದಡವೂ ಹಾಗಿರುವುದಿಲ್ಲ. ನಾನು ತೋಡನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹರಿಸುತ್ತೇನೆ. ಆಗ ಒಬ್ಬನ ಎಡಗಡೆ ಜಾಗ ಜಾಸ್ತಿ, ಎದುರಾಳಿಗೆ ಅವನ ಎಡಗಡೆ ಜಾಸ್ತಿ. ಒಬ್ಬನಿಗೆ ತೋಟ ಸಿಕ್ಕಿದರೆ ಇನ್ನೊಬ್ಬನಿಗೆ ಕಾಡು. ತೂಕ ಒಂದೇ, ರೂಪ ಬೇರೆ. ಇನ್ನೊಂದು, ಸಂದುಗಳನ್ನು ಅಳೆದೇ ಬಿಡಿ. ಒಬ್ಬ ಸೈನಿಕನ ಬೊಂಬೆ ನಿಂತಿರುವ ತಳದ ಅಗಲ 25 ಮಿಲಿಮೀಟರ್. ಐದು ಜನ ಪಕ್ಕಪಕ್ಕ ನಿಂತರೆ 125, ಅಂದರೆ ಐದು ಇಂಚು. ಆ ಸಾಲು ತಿರುಗಬೇಕಾದರೆ ಇನ್ನೂ ಜಾಗ ಬೇಕು. ಎರಡು ಕಾಡುಗಳ ನಡುವೆ ನಾಲ್ಕೇ ಇಂಚು ಬಿಟ್ಟರೆ ಅದು ದಾರಿಯಂತೆ ಕಾಣುತ್ತದೆ, ಆದರೆ ಆಟದಲ್ಲಿ ಗೋಡೆ. ಏಳು ಇಂಚು ಬಿಡಿ.

ಈಗ ಕಾಫಿ ತೋಟ. ಇದನ್ನು ಮಾಡುವಾಗ ನನಗೆ ತುಂಬ ಸಂತೋಷ ಆಯಿತು. ಅರೇಬಿಕಾ ಗಿಡವನ್ನು ನಾವು ಚಿಗುರು ಕಡಿದು ಸುಮಾರು ಐದು ಅಡಿಗೆ ನಿಲ್ಲಿಸುತ್ತೇವೆ. 56ರಿಂದ ಭಾಗಿಸಿದರೆ 27 ಮಿಲಿಮೀಟರ್. ಬೊಂಬೆಯ ಕಣ್ಣಿನ ಎತ್ತರ 28. ಯೋಚಿಸಿ ನೋಡಿ. ಗಿಡಗಳ ನಡುವೆ ನಿಂತವನ ತಲೆ ಮಾತ್ರ ಮೇಲೆ ಕಾಣುತ್ತದೆ. ನಿಜವಾದ ತೋಟದಲ್ಲಿ ಮೇಸ್ತ್ರಿ ದೂರದಿಂದ ಆಳುಗಳನ್ನು ಹುಡುಕುವಾಗ ಹೇಗೆ ಕಾಣುತ್ತದೋ ಹಾಗೇ. ಇಲ್ಲಿ ಬಂದು ಬಗ್ಗಿ, ಬೊಂಬೆಯ ಕಣ್ಣಿನ ಮಟ್ಟದಿಂದ ನೋಡಿ. ಯಾವ ಮೇಜನ್ನೂ ಮೇಲಿನಿಂದ ನೋಡಿ ತೀರ್ಮಾನ ಮಾಡಬೇಡಿ. ಬಾಣ ಬಿಡುವವನು ಮೇಲಿನಿಂದ ನೋಡುವುದಿಲ್ಲ.

ಅಳತೆಗೆ ಸರಿಯಾಗಿ ಆರು ಅಡಿಗೊಂದು ಗಿಡ ನೆಟ್ಟರೆ ಮೇಜಿನ ಮೇಲೆ 33 ಮಿಲಿಮೀಟರಿಗೊಂದು ಬರುತ್ತದೆ. ಗಿಡಗಳ ರೆಕ್ಕೆಗಳು, ಅಂದರೆ ಅಡ್ಡ ರೆಂಬೆಗಳು, ಒಂದಕ್ಕೊಂದು ತಾಗುತ್ತವೆ, 25ರ ತಳ ನುಗ್ಗುವುದಿಲ್ಲ. ಇಂಥ ಕಡೆ ಅಳತೆಯನ್ನು ಬಿಡಬೇಕು. ಮೂರು ಗಿಡಕ್ಕೆ ಒಂದು ತೆಳು ಪಟ್ಟಿ ಮಾಡಿ, ಸಾಲುಗಳ ನಡುವೆ ಎರಡು ಇಂಚು ಬಿಟ್ಟಿದ್ದೇನೆ. ಸೈನ್ಯ ಒಳಗೆ ಬಂದರೆ ಪಟ್ಟಿ ಎತ್ತಿ ಪಕ್ಕಕ್ಕಿಡಬಹುದು. ನೆರಳಿನ ಮರಗಳೂ ಹಾಗೇ. ನೂರು ಅಡಿಯ ಮರ ಅಳತೆಗೆ 21 ಇಂಚು ಆಗುತ್ತದೆ. ಅಷ್ಟು ಎತ್ತರ ಇಟ್ಟರೆ ಆಟಗಾರನ ಕೈ ತಾಗಿ ಮರ ಬೀಳುತ್ತದೆ. ಹತ್ತು ಇಂಚು ಸಾಕು. ಕಣ್ಣು ಒಪ್ಪಿಕೊಳ್ಳುತ್ತದೆ. ಕಾಂಡಕ್ಕೆ ಒಣಗಿದ ಕಾಫಿ ಗಿಡದ ರೆಂಬೆಯನ್ನೇ ಬಳಸಿ. ಹಳೆಯ ಗಿಡ ಕಿತ್ತಾಗ ಸಿಗುವ ಗಂಟುಗಂಟಾದ ರೆಂಬೆ ಈ ಅಳತೆಯಲ್ಲಿ ನೂರು ವರ್ಷದ ಕಾಡು ಮರದಂತೆ ಕಾಣುತ್ತದೆ. ದುಡ್ಡು ಕೊಟ್ಟರೂ ಅಂಥದು ಪೇಟೆಯಲ್ಲಿ ಸಿಗುವುದಿಲ್ಲ.

ಯುದ್ಧದ ಆಟ ಅಂದಮೇಲೆ ಕಡಂಗದ ಮಾತು ಬರಲೇಬೇಕು. ಕೊಡಗಿನ ಗುಡ್ಡಗಳ ಮೇಲೆ, ಕಾಡಿನೊಳಗೆ ಮೈಲಿಗಟ್ಟಲೆ ಓಡುವ ಈ ಹಳೆಯ ಕಂದಕಗಳನ್ನು ನೀವು ನೋಡಿದ್ದೀರಿ. ಕೆಲವು ಕಡೆ ಈಗ ತುಂಬಿಹೋಗಿವೆ, ಕೆಲವು ಕಡೆ ಇವತ್ತಿಗೂ ಆಳು ಮುಳುಗುವಷ್ಟು ಆಳ. ತೆಗೆದ ಮಣ್ಣನ್ನು ಒಂದು ಬದಿಗೆ ಏರಿಯಾಗಿ ಹಾಕಿರುತ್ತಾರೆ. ಹೀಗಾಗಿ ಕೆಳಗಿನಿಂದ ಬರುವವನಿಗೆ ಎರಡು ಪಟ್ಟು ಎತ್ತರ. ಇದಕ್ಕಿಂತ ಚೆನ್ನಾದ ಆಟದ ತುಣುಕು ಯಾವ ಕ್ಯಾಟಲಾಗಿನಲ್ಲೂ ನನಗೆ ಸಿಕ್ಕಿಲ್ಲ. ಹತ್ತು ಅಡಿ ಆಳದ ಕಡಂಗ ಅಂದರೆ ಮೇಜಿನಲ್ಲಿ 54 ಮಿಲಿಮೀಟರ್. ಬೋರ್ಡು ಅಷ್ಟು ದಪ್ಪ ಇರುವುದಿಲ್ಲ, ಕೊರೆಯಲು ಆಗುವುದಿಲ್ಲ. ನಾನು ಒಂದು ಇಂಚು ಮಾತ್ರ ಕೊರೆದೆ, ಇನ್ನೊಂದು ಇಂಚಿಗೆ ಏರಿಯನ್ನು ಎತ್ತರಿಸಿದೆ. ಮೊದಲು ಕಟ್ಟಿದವರೂ ಅದೇ ಉಪಾಯ ಮಾಡಿದ್ದರು ಅಂತ ಆಮೇಲೆ ಹೊಳೆಯಿತು. ಮಳೆಗಾಲದಲ್ಲಿ ಕಡಂಗದ ತಳದಲ್ಲಿ ನೀರು ನಿಲ್ಲುತ್ತದೆ. ಆ ತಳಕ್ಕೆ ಕಪ್ಪು ಕಂದು ಬಣ್ಣ ಹಚ್ಚಿ, ಮೇಲೆ ಎರಡು ಕೋಟ್ ಹೊಳೆಯುವ ವಾರ್ನಿಷ್ ಕೊಡಿ. ಬದಿಗಳಿಗೆ ಜರೀಗಿಡ ಬೇಕು. ಪಾಚಿ ಬೇಕು. ಬೋಳು ಕಂದಕ ಇಲ್ಲಿಯದಲ್ಲ.

ಇಷ್ಟೆಲ್ಲ ನಿಜದ ಮಾತಾಯಿತು, ಫ್ಯಾಂಟಸಿ ಎಲ್ಲಿ ಅಂತ ನೀವು ಕೇಳಬಹುದು. ನಾನು ಒಂದು ಮೇಜಿಗೆ ಒಂದೇ ಅಸಾಧ್ಯವಾದ ಸಂಗತಿ ಇಡುತ್ತೇನೆ. ಒಂದೇ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಬದುಕಬೇಕು. ಈ ಮೇಜಿನಲ್ಲಿ ಅದು ಇಲ್ಲಿದೆ, ತೋಟದ ನಡುವೆ. ಯಾವುದೋ ಕಾಲದಲ್ಲಿ ಸತ್ತ ರಾಕ್ಷಸನ ಪಕ್ಕೆಲುಬುಗಳು. ಆರು ಎಲುಬು, ದೊಡ್ಡದು ಒಂಬತ್ತು ಇಂಚು, ನಿಜದಲ್ಲಿ 42 ಅಡಿ. ಒಳಗೆ ಕಟ್ಟುವ ತಂತಿ, ಎರಡು ಎಳೆ ಹೊಸೆದದ್ದು. ಅದರ ಮೇಲೆ ಪೇಪರ್, ಟೇಪು. ಅದರ ಮೇಲೆ ಫೆವಿಕಾಲಿನಲ್ಲಿ ಅದ್ದಿದ ಟಿಶ್ಯೂ. ಟಿಶ್ಯೂ ಒಣಗುವಾಗ ಸುಕ್ಕು ಬೀಳುತ್ತದೆ, ಆ ಸುಕ್ಕೇ ಎಲುಬಿನ ಮೇಲಿನ ಗೀರು.

ಮೊದಲು ಬಿಳಿ ಬಣ್ಣ ಹಚ್ಚಿ ನಿಲ್ಲಿಸಿದೆ. ಸುಳ್ಳಿನಂತೆ ಕಂಡಿತು. ಮೂರು ದಿನ ನೋಡಿದೆ. ಆಮೇಲೆ ಕೇಳಿಕೊಂಡೆ: ಇದು ನಮ್ಮ ಊರಿನಲ್ಲಿ ಇದ್ದಿದ್ದರೆ ನಾವು ಏನು ಮಾಡುತ್ತಿದ್ದೆವು? ಉತ್ತರ ತಕ್ಷಣ ಬಂತು. ಕರಿಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದೆವು! ನೇರ ನಿಂತ, ನೆರಳು ಕೊಡದ, ಕೊಳೆಯದ ಕಂಬ. ಸಿಲ್ವರ್ ಓಕ್‌ಗಿಂತ ಒಳ್ಳೆಯದು. ಸೆಣಬಿನ ದಾರದ ಎಳೆ ಬಿಡಿಸಿ ಬಳ್ಳಿ ಮಾಡಿದೆ. ಒಣ ಎಲೆಗಳಿಂದ ಪೇಪರ್ ಪಂಚಿನಲ್ಲಿ ಚುಕ್ಕೆ ತೆಗೆದು ಎಲೆ ಅಂಟಿಸಿದೆ. ಕೊನೆಗೆ ಇದು, ಕಣ್ಣು ಹತ್ತಿರ ತನ್ನಿ. ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ. ಊದಿನಕಡ್ಡಿಯ ಹಿಡಿಯಿಂದ ಮಾಡಿದ್ದು. ಎಲುಬಿಗೆ ಒರಗಿಸಿ ಯಾರೋ ಕೆಲಸ ಬಿಟ್ಟು ಓಡಿಹೋಗಿದ್ದಾರೆ. ಬುಡದಲ್ಲಿ ಒಂದು ಚೀಲ, ಸ್ವಲ್ಪ ಮೆಣಸು ಚೆಲ್ಲಿದೆ, ಸಾಸಿವೆಯ ಪುಡಿ ಅದು. ಈ ಏಣಿ ಇಟ್ಟ ಮೇಲೆ ರಾಕ್ಷಸ ನಿಜವಾದ. ಯುದ್ಧ ಹತ್ತಿರ ಬಂದಿದೆ ಅನ್ನುವುದೂ ಗೊತ್ತಾಯಿತು. ಆಟದಲ್ಲಿ ಬಿಲ್ಲುಗಾರ ಒಬ್ಬ ಆ ಏಣಿ ಹತ್ತಬಹುದು ಅಂತ ನಿಯಮ ಮಾಡಿದ್ದೇವೆ.

ದೇವರಕಾಡಿನ ವಿಷಯದಲ್ಲಿ ನಾನು ಹುಷಾರಾಗಿದ್ದೇನೆ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದಕ್ಕೂ ಅದರದೇ ದೇವರು, ಅದರದೇ ಕಟ್ಟು. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಇರುವುದನ್ನು ನೋಡಿದಾಗ ಮೈ ಜುಮ್ ಅನ್ನುತ್ತದೆ. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಓರ್ಕ್ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಅದು ಯಾರದೋ ನಂಬಿಕೆ, ಇನ್ನೂ ಜೀವಂತ ಇರುವಂಥದು. ಹಾಗಾಗಿ ಅದರ ಹಿಂದಿನ ಭಾವವನ್ನು ಮಾತ್ರ ತೆಗೆದುಕೊಂಡೆ. ಕಾಡಿನ ಅಂಚಿಗೆ ಜನ ಕೈಯಾರೆ ಮಾಡಿದ ಏನನ್ನೋ ತಂದಿಡುತ್ತಾರೆ. ನನ್ನ ಕಲ್ಪನೆಯ ಊರಿನಲ್ಲಿ ಮನೆಗೊಂದು ಮಣ್ಣಿನ ಹಕ್ಕಿ. ಇಪ್ಪತ್ತು ಹಕ್ಕಿಗಳಿವೆ, ಒಂದೂ ಇನ್ನೊಂದರಂತೆ ಇಲ್ಲ. ಕೆಲವು ಹಳೆಯವು, ಪಾಚಿ ಹತ್ತಿವೆ, ಒಂದಕ್ಕೆ ರೆಕ್ಕೆ ಮುರಿದಿದೆ. ಈ ಕಾಡಿಗೆ ಒಂದು ನಿಯಮವೂ ಇದೆ. ಒಳಗೆ ಅಡಗಬಹುದು, ಆದರೆ ಒಳಗಿನಿಂದ ಬಾಣ ಬಿಟ್ಟ ತುಕಡಿ ಮುಂದಿನ ಸರದಿಯಲ್ಲಿ ಕದಲುವಂತಿಲ್ಲ. ಬಣ್ಣ ಹಚ್ಚಿದರಷ್ಟೇ ಸಾಲದು, ಆಡುವವನ ಕೈಯೂ ಅಲ್ಲಿ ಸ್ವಲ್ಪ ತಡೆಯಬೇಕು.

ನೆಲ ಕಟ್ಟುವುದನ್ನು ಕಲಿಯಲು ವಿದೇಶದ ವಿಡಿಯೋ ನೋಡಬೇಕು ಅಂತ ತುಂಬ ಹುಡುಗರು ಹೇಳುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ಮಡಿಕೇರಿಯಲ್ಲಿ ಹುಟ್ಟಿದವರಿಗೆ ದಸರಾದ ದಶಮಂಟಪಗಳೇ ದೊಡ್ಡ ಪಾಠ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳಲ್ಲಿ ಬಂಡೆ, ಗುಹೆ, ಮೋಡ, ರಾಕ್ಷಸ ಎಲ್ಲ ಎದ್ದು ನಿಲ್ಲುತ್ತವೆ. ದೊಡ್ಡದಾಗಿ ಯೋಚಿಸುವುದನ್ನು ನಾನು ಚಿಕ್ಕಂದಿನಲ್ಲಿ ಅಲ್ಲೇ ಕಲಿತೆ. ಕೆಲಸ ನಡೆಯುವಾಗ ಹೋಗಿ ನಿಂತು ನೋಡಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಮಂಟಪವನ್ನು ಜನ ಎದುರಿನಿಂದ ನೋಡುತ್ತಾರೆ, ಆಟದ ಮೇಜಿಗೆ ನಾಲ್ಕೂ ಕಡೆ ಮುಖ. ಹಿಂಬದಿ ಅನ್ನುವುದೇ ಇಲ್ಲ.

ಸಾಮಗ್ರಿಯ ವಿಷಯಕ್ಕೆ ಬರೋಣ. ಬೋರ್ಡಿಗೆ ಥರ್ಮೋಕೋಲ್ ಅಗ್ಗ, ಆದರೆ ಕಾಳುಕಾಳಾಗಿ ಉದುರುತ್ತದೆ. ಒತ್ತಾದ ಎಕ್ಸ್‌ಪಿಎಸ್ ಫೋಮ್, ಅಂದರೆ ಕಾಳಿಲ್ಲದ ಗಟ್ಟಿ ಪಾಲಿಸ್ಟೈರೀನ್ ಹಾಳೆ, ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಪೆನ್ಸಿಲಿನಿಂದ ಗೀಚಿದರೂ ಕಲ್ಲಿನ ಗೆರೆ ಮೂಡುತ್ತದೆ. ಎರಡರ ಮೇಲೂ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ. ಅದರಲ್ಲಿರುವ ದ್ರಾವಕ ಫೋಮನ್ನು ತಿಂದುಹಾಕುತ್ತದೆ. ಮೊದಲು ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಕೋಟ್ ಬಳಿಯಿರಿ. ಒಂದು ತೂತೂ ಬಿಡಬೇಡಿ.

ನಮ್ಮ ನಿಜವಾದ ಶತ್ರು ಜೂನ್ ತಿಂಗಳು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲಿ ಬೀಳುತ್ತದೆ. ವಿದೇಶದ ಪಾಠಗಳಲ್ಲಿ ಈ ಮಾತೇ ಇರುವುದಿಲ್ಲ. ನನ್ನ ಮೊದಲ ಬೋರ್ಡು ಮೂರು ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯ, ಮೇಲೆ ಕೂತಿತ್ತು, ಮೇಲಿನ ಮುಖಕ್ಕೆ ಮಾತ್ರ ಬಣ್ಣ ಹಚ್ಚಿದ್ದೆ. ಜುಲೈ ಬರುವಷ್ಟರಲ್ಲಿ ಮೂಲೆಗಳು ಅರ್ಧ ಇಂಚು ಎದ್ದಿದ್ದವು. ಒಂದು ಮುಖ ತೇವ ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ, ಹಲಗೆ ಬಾಗುತ್ತದೆ. ಈಗ ವಾಟರ್‌ಪ್ರೂಫ್ ಪ್ಲೈವುಡ್ಡಿನ ಚೌಕಟ್ಟು ಹಾಕುತ್ತೇನೆ. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ವಾರ್ನಿಷ್ ಕೊಡುತ್ತೇನೆ. ಆರು ಅಡಿಯ ಒಂದೇ ಬೋರ್ಡಿನ ಬದಲು ಎರಡಡಿ ಚೌಕದ ಆರು ತುಂಡು. ಒಂದು ಕೆಟ್ಟರೆ ಐದು ಉಳಿಯುತ್ತವೆ.

ಮೇಜಿನ ಮೇಲಿನ ಮಣ್ಣು ಮಾಡಲು, ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟ ತುಂಬ ಒಳ್ಳೆಯದು. ಕಾಡಿನ ತಳದ ಕೊಳೆತ ಎಲೆಮಣ್ಣಿನ ಬಣ್ಣ, ಅದೇ ಒರಟುತನ. ಆದರೆ ಹಸಿಯಾಗಿ ಹಾಕಿದರೆ ಹತ್ತೇ ದಿನಕ್ಕೆ ಬಿಳಿ ಬೂಷ್ಟು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈಗೆ ಗರಿಗರಿ ಅನ್ನುವವರೆಗೆ ಹುರಿಯಿರಿ. ಬೀಜ ಹುರಿದು ಗೊತ್ತಿರುವ ಮನೆಗಳಲ್ಲಿ ಇದು ಹೇಳಿಕೊಡುವ ಕೆಲಸ ಅಲ್ಲ. ಅಂಟಿಸಿದ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಮೇಲಿನಿಂದ ಹನಿಸಿ ಮುಚ್ಚಿಬಿಡಿ. ರವೆ, ರಾಗಿ, ಅಕ್ಕಿನುಚ್ಚು ಬೇಡ, ಹುಳ ಬರುತ್ತದೆ. ಮರಳು ಬೇಕಾದರೆ ತೊಳೆದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಪೊದೆಗೆ ಒಣ ಹೀರೆಕಾಯಿಯ ನಾರು. ನೀರಿಗೆ ಎಪಾಕ್ಸಿ ರೆಸಿನ್ ಸುರಿಯುವವರು ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದ ಗಾಳಿಯಲ್ಲಿ ಅದರ ಮೇಲೆ ಬಿಳಿ ಮಂಕು ಕೂರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಅದೂ ನೀರಿನದೇ. ಮಳೆ ನೈಋತ್ಯದಿಂದ ಬರುತ್ತದೆ. ಮೇಜಿನ ಮೇಲೆ ನೈಋತ್ಯ ಯಾವುದು ಅಂತ ಮೊದಲ ದಿನವೇ ತೀರ್ಮಾನಿಸಿ, ಬೋರ್ಡಿನ ಅಡಿಯಲ್ಲಿ ಬಾಣದ ಗುರುತು ಹಾಕಿ. ಪ್ರತಿ ಮರದ ಆ ಬದಿಗೆ ಪಾಚಿ. ಪ್ರತಿ ಗೋಡೆಯ ಆ ಬದಿಗೆ ಕಪ್ಪು ಕಲೆ. ಹೆಂಚಿನ ಆ ಬದಿ ಹಸಿರು. ನೋಡುವವರಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ. ಆದರೆ ಆರು ತುಂಡುಗಳೂ ಒಂದೇ ಊರಿನವು ಅನ್ನಿಸುತ್ತದೆ.

ಇಲ್ಲಿ ಒಬ್ಬರು ಕೇಳಿದರು: 3ಡಿ ಪ್ರಿಂಟರ್ ಇದೆ, ಎಲ್ಲ ಪ್ರಿಂಟ್ ಮಾಡಬಹುದಲ್ಲ, ಇಷ್ಟು ಕಷ್ಟ ಯಾಕೆ? ಬಾಗಿಲು, ಕಿಟಕಿ, ಕಂಬದ ಕೆತ್ತನೆ, ಇಂಥವಕ್ಕೆ ಪ್ರಿಂಟರ್ ತುಂಬ ಒಳ್ಳೆಯದು. ಐನ್‌ಮನೆಯ ಕಂಬಗಳನ್ನು ನಾನೂ ಪ್ರಿಂಟ್ ಮಾಡಿಸಿದ್ದೇನೆ. ಆದರೆ ನೆಟ್ಟಿನಲ್ಲಿ ಸಿಗುವ ಮನೆಗಳು ಹಿಮ ಬೀಳುವ ಊರಿನ ಮನೆಗಳು. ಅವಕ್ಕೆ ಹೊಗೆಗೂಡು ಇದೆ, ಸೂರು ಮುಂದೆ ಚಾಚಿಲ್ಲ. ನಮ್ಮ ಮಳೆಗೆ ಆ ಗೋಡೆ ಒಂದು ವರ್ಷ ನಿಲ್ಲುವುದಿಲ್ಲ. ಇಳಿಸಿಕೊಂಡರೂ ಸೂರನ್ನು ಉದ್ದ ಮಾಡಿ, ಸುತ್ತ ಜಗುಲಿ ಕೊಡಿ. ಆಮೇಲೆ ಪ್ರಿಂಟ್ ಮಾಡಿ.

ಇನ್ನು ಮಾತು ಸಾಕು, ಮೇಜು ಕಾಯುತ್ತಿದೆ. ಇಬ್ಬರು ಬನ್ನಿ. ಇದು ಆಷಾಢ, ಗದ್ದೆಯ ಹಸಿರು ಮುಖ ಮೇಲಿದೆ. ಇಲ್ಲಿ ಪ್ರತಿ ಸರದಿಯ ಶುರುವಿನಲ್ಲಿ ಮಂಜಿಗೆ ಒಂದು ದಾಳ ಉರುಳಿಸಬೇಕು. ಒಂದು ಅಥವಾ ಎರಡು ಬಿದ್ದರೆ ಮಂಜು ತೋಡಿನ ಉದ್ದಕ್ಕೂ ಇಳಿಯುತ್ತದೆ, ಆ ಸರದಿಯಲ್ಲಿ ಎಂಟು ಇಂಚಿನ ಆಚೆ ಯಾರಿಗೂ ಏನೂ ಕಾಣುವುದಿಲ್ಲ. ಕಡಂಗದ ಕಡೆಯವರು ಯಾರು? ಸರಿ, ನೀವು ದಾಳ ತೆಗೆದುಕೊಳ್ಳಿ. ಉಳಿದವರು ಹತ್ತಿರ ಬನ್ನಿ, ಬಗ್ಗಿ ನೋಡಿ. ಏಣಿಗೆ ಕೈ ತಾಗದಂತೆ ಸ್ವಲ್ಪ ನೋಡಿಕೊಳ್ಳಿ.